ಬಾಗಿಲು ಬಡಿಯದ ಮನೆ

ಮಳೆ ಹಿಡಿದು ಹದಿನೈದು ದಿನವಾದರೆ ಸಾಕು, ಶಿರಸಿ ಸೀಮೆಯ ನಮ್ಮ ಮನೆಯ ಹೆಬ್ಬಾಗಿಲಿಗೆ ಬಿಗುಮಾನ ಬಂದುಬಿಡುತ್ತದೆ. ಹಲಸಿನ ಹಲಗೆ ತೇವ ಕುಡಿದು ಉಬ್ಬುತ್ತದೆ. ಉಬ್ಬೋದೂ ಅಡ್ಡಕ್ಕೇ, ಉದ್ದಕ್ಕೆ ಬೆಳೆಯುವ ಮಾತೇ ಇಲ್ಲ. ನನ್ನ ಹಾಗೆ. ಆಚಾರಿಯನ್ನು ಕರೆಸೋಣ ಅಂದರೆ ಅಪ್ಪ ಬಿಡುವುದಿಲ್ಲ. "ಈಗ ಕೀಸಿದ್ರೆ ಬೇಸಿಗೇಲಿ ಸಂದಿ ಬೀಳ್ತು." ಹಾಗಾಗಿ ಜುಲೈ ತಿಂಗಳಿಡೀ ಅದು ಅರ್ಧ ತೆರೆದೇ ಇರುತ್ತದೆ.

ಮುಚ್ಚಿದ್ದರೂ ಬಡಿಯುವವರು ಯಾರು? ನಮ್ಮಲ್ಲಿ ಬಂದವರು ಅಂಗಳದಲ್ಲಿ ಕಾಲು ತೊಳೆದು, ಕೊಡೆ ಕೊಡವಿ, ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮು ಕೇಳಿಯೇ ಅಮ್ಮ ಚಾಕ್ಕೆ ಎಷ್ಟು ಲೋಟ ನೀರು ಅಂತ ಲೆಕ್ಕ ಹಾಕುತ್ತಾಳೆ. ಇರಾನಿನ ಹಳೇ ಮನೆಗಳಲ್ಲಿ ಬಾಗಿಲಿಗೆ ಬಡಿಯುವ ಎರಡು ಹಿಡಿಗಳಿರುತ್ತವಂತೆ. ಗಂಡಸರಿಗೆ ದಪ್ಪ ಸದ್ದಿನದು, ಹೆಂಗಸರಿಗೆ ತೆಳು ಸದ್ದಿನ ಬಳೆ. ಬಾಗಿಲು ತೆಗೆಯಲು ಯಾರು ಹೋಗಬೇಕು ಅಂತ ಒಳಗಿನವರಿಗೆ ಅಲ್ಲೇ ತಿಳಿಯುತ್ತದೆ. ನಮ್ಮದು ಕಬ್ಬಿಣದ ಖರ್ಚಿಲ್ಲದ ವ್ಯವಸ್ಥೆ, ಅಷ್ಟೇ.

ಲಂಡನ್ನಿನಲ್ಲಿ ಪ್ರಧಾನಿ ಇರುವ 10 ಡೌನಿಂಗ್ ಸ್ಟ್ರೀಟಿನ ಕರಿ ಬಾಗಿಲಿಗೆ ಹೊರಗಡೆ ಕೀಲಿ ಹಾಕುವ ಕಂಡಿಯೇ ಇಲ್ಲ. ಒಳಗಿನವರೇ ತೆಗೆಯಬೇಕು. ಇದನ್ನು ಹೇಳಿದಾಗ ಅಮ್ಮನಿಗೆ ಏನೂ ಅನ್ನಿಸಲಿಲ್ಲ. ನಮ್ಮದೂ ಹಾಗೇ ಅಲ್ವಾ? ಇರೋದು ಒಳಗಿನ ಅಗಳಿ ಒಂದೇ. ಮನೆಮಂದಿಯೆಲ್ಲ ಮದುವೆಗೆ ಹೊರಟರೆ ಒಬ್ಬರು ಒಳಗಿಂದ ಅಗಳಿ ಹಾಕಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲಿಗೆ ಬೆರಳುದ್ದದ ಬೀಗ ಜಡಿದು ಸುತ್ತಿ ಬರಬೇಕು. ಗಣಪತಿ ಕೆತ್ತಿದ ದಾರಂದ, ಹಿತ್ತಾಳೆ ಮೊಳೆ ಎಲ್ಲ ಮುಂದೆ. ಮನೆ ಕಾಯುವುದು ಮಾತ್ರ ಆ ಚಿಳ್ಳೆ ಬೀಗ.

ರೋಮಿನ ಸಂತ ಪೀಟರ್ ಬೆಸಿಲಿಕಾದ ಪವಿತ್ರ ದ್ವಾರದ ಸುದ್ದಿಗೆ ಮಾತ್ರ ಅವಳು ಕಿವಿಗೊಟ್ಟಳು. ಅದು ತೆರೆಯುವುದು ಸಾಮಾನ್ಯವಾಗಿ 25 ವರ್ಷಕ್ಕೊಮ್ಮೆ. ಉಳಿದಂತೆ ಒಳಗಿಂದ ಗೋಡೆ ಕಟ್ಟಿಟ್ಟಿರುತ್ತಾರೆ.

"ಅಷ್ಟು ವರ್ಷ ಮುಚ್ಚಿಟ್ರೆ ಒರಲೆ ಹಿಡೀತಿಲ್ಯಾ?"

ಅದು ಕಂಚಿನದು ಅಂದೆ. ಮಳೆಗಾಲಕ್ಕೆ ಒಳ್ಳೇದು ಅಂದಳು.

ಮೊನ್ನೆ ಕೊರಿಯರ್ ಹುಡುಗ ಬಂದ. ಬೆಲ್ ಹುಡುಕಿದ, ಸಿಗಲಿಲ್ಲ. ಅರೆತೆರೆದ ಬಾಗಿಲನ್ನೇ ಟಕಟಕ ಬಡಿದ. ಒಳಗೆ ಎಲ್ಲರಿಗೂ ಗಾಬರಿ. ಅಮ್ಮ ಸೌಟು ಹಿಡಿದೇ ಓಡಿದಳು. "ಬಾಗ್ಲು ತೆಗ್ದೇ ಇದ್ದಲೋ ತಮಾ! ಆಸ್ರಿಗೆ ಎಂತ ಬೇಕು?" ಹುಡುಗ ಚಾ ಕುಡಿದ, ಪಾರ್ಸೆಲ್ಲಿಗೆ ಸಹಿ ಹಾಕಿಸಿಕೊಂಡ. ಹೋಗುವಾಗ ಮರ್ಯಾದೆಯಿಂದ ಬಾಗಿಲನ್ನು ಎಳೆದು ಮುಚ್ಚಿಕೊಂಡು ಹೋದ.

ಮತ್ತೆ ತೆಗೆಯಲು ಅಪ್ಪ, ನಾನು ಇಬ್ಬರೂ ಭುಜ ಕೊಡಬೇಕಾಯಿತು.