ಫಂಗಸ್ ಲೆಕ್ಕ: ಅರಿಜೋನಾದಲ್ಲಿ ಹೀಗೆ, ನಮ್ಮೂರಲ್ಲಿ ಹಾಗೆ

ನಾನಿರುವ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಕಡೆ ಹೊಸದಾಗಿ ಮನೆ ಮಾಡಿದ ಕನ್ನಡದವರಿಗೆ ಹಳಬರು ಹೇಳುವ ಬುದ್ಧಿಮಾತು ಎರಡು. ಶೂ ಹಾಕುವ ಮುಂಚೆ ಕೊಡವಿ ನೋಡಿ, ಚೇಳಿರಬಹುದು. ಕೆಮ್ಮು ವಾರಗಟ್ಟಲೆ ಹೋಗದಿದ್ದರೆ ‘ವ್ಯಾಲಿ ಫೀವರ್ ಟೆಸ್ಟ್ ಮಾಡಿ’ ಅಂತ ಡಾಕ್ಟರಿಗೆ ನೀವೇ ಹೇಳಿ. ಚೇಳಿನ ಮಾತು ತಕ್ಷಣ ತಲೆಗೆ ಹೋಗುತ್ತದೆ. ಎರಡನೆಯದಕ್ಕೆ ಎಲ್ಲರೂ ‘ಹೂಂ’ ಅಂದು ಮರೆತುಬಿಡುತ್ತಾರೆ.

ವ್ಯಾಲಿ ಫೀವರ್ ಒಂದು ಫಂಗಸ್ ಸೋಂಕು. ಕಾಕ್ಸಿಡಿಯಾಯ್ಡಿಸ್ ಅನ್ನುವ ಶಿಲೀಂಧ್ರ ಇಲ್ಲಿನ ಮರುಭೂಮಿಯ ಮಣ್ಣಿನಲ್ಲೇ ಇರುತ್ತದೆ. ಮಳೆ ಬಿದ್ದಾಗ ಬೆಳೆಯುತ್ತದೆ, ನೆಲ ಒಣಗಿದಾಗ ಪುಡಿಯಾಗಿ ಧೂಳಿನ ಜೊತೆ ಏಳುತ್ತದೆ. ಉಸಿರಾಡಿದರೆ ಶ್ವಾಸಕೋಶದೊಳಗೆ ಹೋಯಿತು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹತ್ತರಲ್ಲಿ ಆರು ಜನಕ್ಕೆ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಉಳಿದವರಿಗೆ ಜ್ವರ, ಕೆಮ್ಮು, ರಾತ್ರಿ ಬೆವರು, ಕೀಲುನೋವು, ಎಷ್ಟು ಮಲಗಿದರೂ ಬಿಡದ ಸುಸ್ತು. ನೂರರಲ್ಲಿ ಒಬ್ಬರಿಗೆ ಅದು ಮೂಳೆಗೋ ಚರ್ಮಕ್ಕೋ ಮಿದುಳಿನ ಪೊರೆಗೋ ಇಳಿಯುತ್ತದೆ. ಮಿದುಳಿನ ಪೊರೆಗೆ ಹೋದರೆ ಫ್ಲುಕೊನಜೋಲ್ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು.

ದಾವಣಗೆರೆ ಕಡೆಯ ನನ್ನ ಗೆಳೆಯನೊಬ್ಬ ಚಾಂಡ್ಲರ್‌ನಲ್ಲಿದ್ದಾನೆ. ಅವನ ಮನೆ ಪಕ್ಕ ಹೊಸ ಬಡಾವಣೆಗೆ ಮಣ್ಣು ಅಗೆಯುತ್ತಿದ್ದರು. ಜ್ವರ, ಕೆಮ್ಮು ಶುರುವಾಯಿತು. ಹೋದ ಕಡೆ ಆ್ಯಂಟಿಬಯೋಟಿಕ್ ಕೊಟ್ಟರು. ಬಗ್ಗಲಿಲ್ಲ. ಇನ್ನೊಂದು ಕಡೆ ಬೇರೆ ಆ್ಯಂಟಿಬಯೋಟಿಕ್. ಎಕ್ಸ್‌ರೇಯಲ್ಲಿ ನೆರಳು ಕಂಡ ಮೇಲೆ ಮೂರನೇ ಡಾಕ್ಟರು ಆ ರಕ್ತಪರೀಕ್ಷೆ ಬರೆದರು. ಪಾಸಿಟಿವ್. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಅಲ್ವಾ, ಫಂಗಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ನಂತರದ ಸಂಗತಿ. ಲ್ಯಾಬಿನಿಂದ ರಿಪೋರ್ಟ್ ಡಾಕ್ಟರಿಗೆ ಹೋದ ಹಾಗೆಯೇ ಆರೋಗ್ಯ ಇಲಾಖೆಗೂ ಹೋಗಿತ್ತು. ಅರಿಜೋನಾದಲ್ಲಿ ಇದು 1997ರಿಂದ ಕಾನೂನು. ಪಾಸಿಟಿವ್ ಬಂದರೆ ಲ್ಯಾಬ್ ತಿಳಿಸಲೇಬೇಕು. ಡಾಕ್ಟರಿಗೆ ಪುರುಸೊತ್ತಿಲ್ಲ, ಫಾರಂ ತುಂಬಲಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಡಾಕ್ಟರನ್ನು ಮಾತ್ರ ನಂಬಿ ಕೂತಿಲ್ಲ. ಟಿವಿಯವರು ಕೂಗಿದರೂ ಕೂಗದಿದ್ದರೂ ಲೆಕ್ಕ ನಡೆಯುತ್ತಿರುತ್ತದೆ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20,000 ಪ್ರಕರಣ ವರದಿಯಾಗುತ್ತವೆ. ಹೆಚ್ಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ರಾಜ್ಯದ್ದೇ.

ಲೆಕ್ಕ ಇಟ್ಟರೆ ಏನು ಬಂತು ಅಂತ ಕೇಳುವವರಿಗೆ ನಾನು 2007ರ ಕತೆ ಹೇಳುತ್ತೇನೆ. ಆ ವರ್ಷ ಶುರು ಮಾಡಿ ಇಲ್ಲಿನ ಆರೋಗ್ಯ ಇಲಾಖೆ, ವರದಿಯಾದವರಲ್ಲಿ ಹತ್ತಕ್ಕೊಬ್ಬರ ಹಾಗೆ ಆರಿಸಿ 493 ಜನರನ್ನು ಮಾತಾಡಿಸಿತು. ಯಾವಾಗ ಶುರುವಾಯಿತು, ಎಷ್ಟು ಸಲ ಡಾಕ್ಟರ ಹತ್ತಿರ ಹೋದಿರಿ, ಕೆಲಸಕ್ಕೆ ರಜೆ ಹಾಕಬೇಕಾಯಿತಾ. ಗುಣವಾದವರಲ್ಲೂ ಕಾಯಿಲೆ ಸುಮಾರು ನಾಲ್ಕು ತಿಂಗಳು ಹಿಂಡಿತ್ತು. ಕೆಲಸಕ್ಕೆ ಹೋಗುವವರಲ್ಲಿ ಮುಕ್ಕಾಲು ಪಾಲು ಜನ ರಜೆ ಹಾಕಿದ್ದರು. ಎಲ್ಲಕ್ಕಿಂತ ಮುಖ್ಯ, ಆಸ್ಪತ್ರೆಗೆ ಹೋಗುವ ಮುಂಚೆಯೇ ಈ ಕಾಯಿಲೆಯ ಹೆಸರು ಕೇಳಿದ್ದವರಿಗೆ ಅದು ಬೇಗ ಪತ್ತೆಯಾಗಿತ್ತು. ಅಂದರೆ ರೋಗಿಯೇ ಡಾಕ್ಟರಿಗೆ ನೆನಪು ಮಾಡಿದ್ದ. ಜನರಿಗೆ ಹೇಳಿಕೊಡುವುದೂ ಒಂದು ಚಿಕಿತ್ಸೆಯೇ ಅಂತ ಇಲ್ಲಿಯವರಿಗೆ ಗೊತ್ತಾಗಿದ್ದು ಹೀಗೆ.

ಹಾಗಂತ ಅರಿಜೋನಾವನ್ನು ತಲೆ ಮೇಲೆ ಹೊತ್ತು ಕುಣಿಯುವುದು ಬೇಡ. ಟೂಸಾನ್‌ನಲ್ಲಿ ನ್ಯುಮೋನಿಯಾ ಅಂತ ಬಂದವರನ್ನು ಪರೀಕ್ಷೆ ಮಾಡಿದ ಒಂದು ಅಧ್ಯಯನದಲ್ಲಿ 29% ಜನಕ್ಕೆ ಇದ್ದದ್ದು ವ್ಯಾಲಿ ಫೀವರ್. ಇಷ್ಟು ಗೊತ್ತಿದ್ದೂ ಎಷ್ಟೋ ಡಾಕ್ಟರುಗಳು ಮೊದಲು ಬರೆಯುವುದು ಆ್ಯಂಟಿಬಯೋಟಿಕ್ಕನ್ನೇ. ಲೆಕ್ಕಕ್ಕೂ ಅದರದೇ ಹುಳುಕಿದೆ. 2008ರಲ್ಲಿ 5,000ದ ಹತ್ತಿರ ಇದ್ದ ಸಂಖ್ಯೆ 2009ರಲ್ಲಿ 10,000 ದಾಟಿತು, 2011ರಲ್ಲಿ 16,000 ದಾಟಿತು, 2013ಕ್ಕೆ 6,000ದೊಳಗೆ ಬಂತು. ಮಣ್ಣಿನಲ್ಲಿದ್ದ ಫಂಗಸ್ ಅಷ್ಟೊಂದು ಹಾರಾಡಲಿಲ್ಲ. ದೊಡ್ಡದೊಂದು ಲ್ಯಾಬ್ ತನ್ನ ಪರೀಕ್ಷೆ ಮತ್ತು ವರದಿಯ ಕ್ರಮ ಬದಲಿಸಿದ್ದು ಇದಕ್ಕೆ ಒಂದು ದೊಡ್ಡ ಕಾರಣ. ಇನ್ನು ಇನ್ಶೂರೆನ್ಸ್ ಇಲ್ಲದವನಿಗೆ ಆಗುವ ಖರ್ಚಿನ ಮಾತು ತೆಗೆದರೆ ಬೇರೆಯದೇ ಲೇಖನ ಬೇಕು.

ನಡುವೆ ಒಂದು ಮಾತು, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ. ಸೋಂಕು ತಗುಲಿ ಒಂದರಿಂದ ಮೂರು ವಾರಕ್ಕೆ ಲಕ್ಷಣ ಕಾಣಿಸುತ್ತದೆ. ಅಷ್ಟರಲ್ಲಿ ಅವರು ವಾಪಸ್ ಊರು ಸೇರಿರಬಹುದು. ಅಲ್ಲಿ ಕೆಮ್ಮು, ರಾತ್ರಿ ಬೆವರು, ಎಕ್ಸ್‌ರೇಯಲ್ಲಿ ನೆರಳು ಅಂದರೆ ಯಾವ ಡಾಕ್ಟರಿಗೂ ಮೊದಲು ನೆನಪಾಗುವುದು ಟಿಬಿ. ಅದು ತಪ್ಪಲ್ಲ. ಆದರೆ ಕಫದಲ್ಲಿ ಟಿಬಿ ಸಿಗದಿದ್ದರೆ ಅರಿಜೋನಾಕ್ಕೆ ಹೋಗಿ ಬಂದ ವಿಷಯವನ್ನು ಅವರಿಗೆ ಹೇಳಲೇಬೇಕು. ಲ್ಯಾಬಿನವರಿಗೂ ಮೊದಲೇ ತಿಳಿಸಬೇಕು. ತಟ್ಟೆಯಲ್ಲಿ ಬೆಳೆಸಿದ ಈ ಫಂಗಸ್ ಗಾಳಿಗೆದ್ದರೆ ಪರೀಕ್ಷೆ ಮಾಡುವವರಿಗೇ ಸೋಂಕು ಹತ್ತುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಶ್ವಾಸಕೋಶದ ತೊಂದರೆ ಜಾಸ್ತಿ. ನಮ್ಮ ಅಪ್ಪ ಅಮ್ಮಂದಿರಲ್ಲಿ ಸಕ್ಕರೆ ಇಲ್ಲದವರು ಎಷ್ಟು ಜನ ಹೇಳಿ.

ಈಗ ನಮ್ಮೂರಿಗೆ ಬರೋಣ. 2021ರ ಮೇ ತಿಂಗಳು ಯಾರಿಗೆ ಮರೆತಿದೆ? ಕೋವಿಡ್ ಎರಡನೇ ಅಲೆ, ಅದರ ಬೆನ್ನಿಗೆ ಬ್ಲ್ಯಾಕ್ ಫಂಗಸ್. ಡಾಕ್ಟರುಗಳು ಮ್ಯೂಕರ್ ಅನ್ನುವುದು ಇದನ್ನೇ. ಮೂಗು ಕಟ್ಟುವುದು, ಕೆನ್ನೆ ಮರಗಟ್ಟುವುದು, ಕಣ್ಣು ಊದುವುದು, ಆಮೇಲೆ ಜೀವ ಉಳಿಸಲು ಕಣ್ಣನ್ನೇ ತೆಗೆಯುವುದು. ಸ್ಟೆರಾಯ್ಡ್ ಮತ್ತು ಹತೋಟಿ ತಪ್ಪಿದ ಸಕ್ಕರೆ ಸೇರಿ ಮಾಡಿದ ಅನಾಹುತ. ನಮ್ಮ ಸಂಬಂಧಿಕರೊಬ್ಬರು ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಸೇರಿದ್ದರು. ಕೂಡಲೇ ವಾಟ್ಸ್ಆ್ಯಪ್ ಗುಂಪು, ‘ಲೈಪೊಸೋಮಲ್ ಆಂಫೊಟೆರಿಸಿನ್ ಎಲ್ಲಾದರೂ ಸಿಗುತ್ತಾ?’ ಬ್ಲ್ಯಾಕ್ ಫಂಗಸ್ಸಿಗೆ ಕೊಡುವ ಇಂಜೆಕ್ಷನ್ ಅದು. ಇಲ್ಲಿ ಅರಿಜೋನಾದಲ್ಲಿ ಕೂತು ನಾವು ಲೆಕ್ಕ ಹಾಕಿದೆವು. ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ 300 ಮಿಲಿಗ್ರಾಂ. ಒಂದು ಸೀಸೆಯಲ್ಲಿ ಇರುವುದು 50. ಅಂದರೆ ದಿನಕ್ಕೆ ಆರು ಸೀಸೆ, ಅದೂ ವಾರಗಟ್ಟಲೆ. ಸೀಸೆ ಒಂದಕ್ಕೇ ಸಾವಿರಾರು ರೂಪಾಯಿ. ಅಗ್ಗದ ಹಳೇ ಆಂಫೊಟೆರಿಸಿನ್ ಇತ್ತು, ಆದರೆ ಅದು ಕಿಡ್ನಿಯನ್ನು ಹಿಂಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಗಂಟೆಗಟ್ಟಲೆ ನಿಧಾನವಾಗಿ ಏರಿಸಬೇಕು.

ಆಗ ನಮ್ಮ ಸರ್ಕಾರಿ ಆಸ್ಪತ್ರೆಗಳು ಮಾಡಿದ ಕೆಲಸವನ್ನು ನಾನು ಕಡಿಮೆ ಅನ್ನುವುದಿಲ್ಲ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವ್ಯವಸ್ಥೆ ಆಯಿತು. ಇಎನ್‌ಟಿ ಡಾಕ್ಟರುಗಳು ಹಗಲೂ ರಾತ್ರಿ ಕೊಳೆತ ಭಾಗ ಕೆರೆದು ತೆಗೆದರು. ಅಷ್ಟೊಂದು ಇಂಥ ಆಪರೇಷನ್ ಅರಿಜೋನಾದ ಸರ್ಜನ್ನುಗಳು ಜನ್ಮದಲ್ಲೇ ನೋಡಿರಲಿಕ್ಕಿಲ್ಲ. ಕಾಯಿಲೆಯನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತಲೂ ಆಯಿತು. ಜುಲೈ ಹೊತ್ತಿಗೆ ದೇಶದ ಲೆಕ್ಕ 45,000 ದಾಟಿತ್ತು, ಸತ್ತವರು 4,300ಕ್ಕೂ ಹೆಚ್ಚು.

ಆದರೆ ಆ ಲೆಕ್ಕ ಅಷ್ಟು ಚುರುಕಾಗಿ ನಡೆದದ್ದು ಯಾಕೆ? ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೀಸೆ ಹಂಚುತ್ತಿದ್ದದ್ದು ರೋಗಿಗಳ ಸಂಖ್ಯೆ ನೋಡಿ. ತಲೆ ಎಣಿಸಿದರೆ ಔಷಧಿ, ಇಲ್ಲದಿದ್ದರೆ ಇಲ್ಲ. ಔಷಧಿಯ ಬರ ಮುಗಿಯಿತು, ಎಣಿಸುವ ಅವಸರವೂ ಮುಗಿಯಿತು. ನನ್ನ ತಕರಾರು ಇರುವುದು ಇಲ್ಲಿ.

ಯಾಕೆಂದರೆ ಈ ಕಾಯಿಲೆ ಕೋವಿಡ್ ಜೊತೆ ಆಕಾಶದಿಂದ ಉದುರಿದ್ದಲ್ಲ. 2016–17ರಲ್ಲೇ ಭಾರತದ 12 ಆಸ್ಪತ್ರೆಗಳು ಸೇರಿ 465 ಮ್ಯೂಕರ್ ರೋಗಿಗಳ ಮಾಹಿತಿ ಕೂಡಿಸಿದ್ದವು. ಅವರಲ್ಲಿ 73% ಜನಕ್ಕೆ ಸಕ್ಕರೆ ಕಾಯಿಲೆ ಇತ್ತು. ಚಂಡೀಗಢದ ದೊಡ್ಡ ಸರ್ಕಾರಿ ಆಸ್ಪತ್ರೆ ಪಿಜಿಐನವರು ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದರು. ಹೇಳಿದ್ದು ಸಂಶೋಧಕರು. ಜಿಲ್ಲೆಯ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಆ ಅಂಕಿ ಇರಲಿಲ್ಲ. ಇದ್ದಿದ್ದರೆ ‘ಸಕ್ಕರೆ ಇರುವವರಿಗೆ ಸ್ಟೆರಾಯ್ಡ್ ಕೊಡುವಾಗ ಹುಷಾರು’ ಅನ್ನುವ ಮಾತು ಎರಡನೇ ಅಲೆಗೆ ಮುಂಚೆಯೇ ತಾಲ್ಲೂಕು ಆಸ್ಪತ್ರೆ ಮುಟ್ಟಬಹುದಿತ್ತು.

‘ನಮ್ಮಲ್ಲಿ ಅದೆಲ್ಲ ಆಗಲ್ಲ ಬಿಡಿ’ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಾನು ಸಾಗರದ ಕಡೆಯವನು. ಮಂಗನ ಕಾಯಿಲೆ ನೋಡಿಕೊಂಡೇ ಬೆಳೆದವನು. 1957ರಲ್ಲಿ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ, ಉಣುಗು ಕಚ್ಚಿ ಬರುವ ಆ ಜ್ವರಕ್ಕೆ ಮಲೆನಾಡಿನಲ್ಲಿ ಇವತ್ತಿಗೂ ಕಾವಲಿದೆ. ತೋಟದಲ್ಲಿ ಮಂಗ ಸತ್ತು ಬಿದ್ದರೆ ಊರವರು ಫೋನ್ ಮಾಡುತ್ತಾರೆ. ಇಲಾಖೆಯವರು ಬರುತ್ತಾರೆ, ಮಾದರಿ ತೆಗೆಯುತ್ತಾರೆ, ಸುತ್ತ ಮದ್ದು ಹೊಡೆಯುತ್ತಾರೆ, ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಡೇಪಾ ಎಣ್ಣೆ ಹಂಚುತ್ತಾರೆ. ಉಣುಗು ಎಣಿಸಿದ ರಾಜ್ಯ ನಮ್ಮದು! ಸತ್ತ ಮಂಗಕ್ಕೆ ದಾಖಲೆ ಇದೆ, ಫಂಗಸ್‌ನಿಂದ ಕಣ್ಣು ಕಳೆದುಕೊಂಡ ಮನುಷ್ಯನಿಗೆ ಯಾಕಿಲ್ಲ?

ಕಣ್ಣು ಅಂದೆ. ಬರೀ ಬ್ಲ್ಯಾಕ್ ಫಂಗಸ್ ಅಲ್ಲ. ಭತ್ತದ ಗರಿಯೋ ಕಬ್ಬಿನ ಸೋಗೆಯೋ ಕಣ್ಣಿಗೆ ಬಡಿದು ಹುಣ್ಣಾಗಿ ಬರುವ ರೈತರಲ್ಲಿ ಫಂಗಸ್ ಸೋಂಕು ದಕ್ಷಿಣ ಭಾರತದಲ್ಲಿ ಬಹಳ ಸಾಮಾನ್ಯ. ನೇಟಮೈಸಿನ್ ಹನಿ ಬೇಗ ಶುರುವಾದರೆ ದೃಷ್ಟಿ ಉಳಿಯಬಹುದು. ಅದರ ಬದಲು ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಹನಿ ಹಾಕಿಕೊಂಡು ಬರುತ್ತಾರೆ. ಗಜಕರ್ಣದ್ದೂ ಅದೇ ಹಾಡು. ಸ್ಟೆರಾಯ್ಡ್ ಬೆರೆತ ಮುಲಾಮು ತಿಕ್ಕಿ ತಿಕ್ಕಿ ಔಷಧಿಗೆ ಬಗ್ಗದ ತಳಿ ಹಬ್ಬಿದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ ಇಂಡಿಯಾ ಇದೆ, ಟ್ರೈಕೊಫೈಟಾನ್ ಇಂಡೊಟಿನಿಯೆ. ನ್ಯೂಯಾರ್ಕಿನಲ್ಲಿ ಇಬ್ಬರಿಗೆ ಅದು ಕಂಡದ್ದಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಅಧಿಕೃತ ವರದಿಯನ್ನೇ ಹೊರಡಿಸಿತು. ಇಬ್ಬರಿಗೆ! ನಮ್ಮಲ್ಲಿ ಚರ್ಮದ ಡಾಕ್ಟರ ಬಾಗಿಲಲ್ಲಿ ಅಂಥವರ ಸಾಲೇ ಇರುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಎಲ್ಲ ಫಂಗಸ್ಸನ್ನೂ ಎಣಿಸಬೇಕಿಲ್ಲ. ಮ್ಯೂಕರ್, ಐಸಿಯುಗಳಲ್ಲಿ ಹರಡುವ ಕ್ಯಾಂಡಿಡಾ ಆರಿಸ್, ಮಿದುಳಿಗೆ ಹೋಗುವ ಕ್ರಿಪ್ಟೊಕಾಕಸ್, ಇಷ್ಟರಿಂದ ಶುರು ಮಾಡಲಿ. ವರದಿ ಮಾಡುವ ಹೊಣೆ ಅರಿಜೋನಾದ ಹಾಗೆ ಲ್ಯಾಬಿನ ಮೇಲಿರಲಿ. ಮ್ಯೂಕರ್ ಹಿಡಿಯಲು ಮೊದಲು ಬೇಕಾಗುವುದು ಒಂದು ಗಾಜಿನ ಸ್ಲೈಡು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಮೈಕ್ರೊಸ್ಕೋಪು, ಮತ್ತು ಆ ಅಗಲವಾದ ಎಳೆಗಳನ್ನು ಗುರುತಿಸುವ ಕಣ್ಣು. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಇವೆಲ್ಲ ಇವೆ. ಮೊದಲು ಅವರು ಶುರು ಮಾಡಲಿ, ಖಾಸಗಿ ಲ್ಯಾಬುಗಳು ಆಮೇಲೆ ಸೇರಲಿ. ತಿಂಗಳಿಗೊಮ್ಮೆ ಜಿಲ್ಲಾವಾರು ಪಟ್ಟಿ ಹೊರಬಂದರೆ, ಯಾವ ಜಿಲ್ಲೆಯಲ್ಲಿ ಎಷ್ಟು ಸೀಸೆ ಆಂಫೊಟೆರಿಸಿನ್ ಇಟ್ಟಿರಬೇಕು ಅನ್ನುವುದನ್ನು ಔಷಧಿ ಉಗ್ರಾಣದವರು ಅದನ್ನು ನೋಡಿ ತೀರ್ಮಾನಿಸಬಹುದು.