ಗಂಡು ಮುರುಗಲು

ಏಪ್ರಿಲ್ ಬಂತೆಂದರೆ ಪಕ್ಕದ ಮನೆ ಭಾವ ಬೇಲಿಯಾಚೆಯಿಂದ ಕೇಳುವ ಪ್ರಶ್ನೆ ಒಂದೇ. "ಏನ್ ಭಾವಾ, ಈ ವರ್ಷ ನಿಮ್ಮ ಮುರುಗಲು ಎಷ್ಟಾತು?"

ಒಂದೂ ಆಗಿಲ್ಲ ಅಂತ ಅವರಿಗೆ ಗೊತ್ತು. ಆದರೂ ಕೇಳಬೇಕು.

ಮುರುಗಲು, ಅಂದರೆ ಕೋಕಂ, ಪುನರ್ಪುಳಿ. ಗಿಡ ಬೆಳೆಸಿದವನು ನಾನೇ. ತಿಂದು ಉಗಿದ ಬೀಜದಿಂದ ಎದ್ದದ್ದು. "ಕಸಿ ಗಿಡ ತಗೊಳ್ಳಿ" ಎಂದವರಿದ್ದರು, ಯಾಕೆ ಅಂತ ಮಾತ್ರ ಹೇಳಲಿಲ್ಲ. ಅಡ್ಡಕೊಂಬೆಯ ಕಡ್ಡಿಯಿಂದ ಕಟ್ಟಿದ ಕಸಿ ಮೇಲಕ್ಕೇಳದೆ ಪೊದೆಯ ಹಾಗೆ ಹರಡಿಕೊಳ್ಳುತ್ತದೆ. ಮುರುಗಲು ಅಂದರೆ ಗೋಪುರದ ಹಾಗೆ ನಿಲ್ಲಬೇಕು, ಅಲ್ವಾ? 8 ವರ್ಷ ಕಾದೆ. ಬೇಸಗೆಯಲ್ಲಿ ಬುಡಕ್ಕೆ ದರಗು ಮುಚ್ಚಿ, ಕೊಡಗಟ್ಟಲೆ ನೀರು ಹೊತ್ತೆ. ಕೆಂಪು ಚಿಗುರು ಒಡೆದಾಗಲೆಲ್ಲ ಮನೆಯವರನ್ನು ಕರೆದು ತೋರಿಸಿದೆ. ಕೊನೆಗೊಂದು ಚಳಿಗಾಲ ಮೊಗ್ಗು ಬಂತು. ಅಕ್ಕನಿಗೆ ಎರಡು ಬಾಟಲಿ ಶರಬತ್ತು, ಅತ್ತಿಗೆಗೆ ಒಂದು, ಬೆಂಗಳೂರಿನ ಷಡ್ಡಕನಿಗೆ ಒಂದು. ಫೋನಿನಲ್ಲೇ ಹಂಚಿ ಮುಗಿಸಿದೆ.

ಚಿಕ್ಕಪ್ಪ ಬಂದವರು ಒಂದು ಹೂ ಕಿತ್ತು ಅಂಗೈಯಲ್ಲಿಟ್ಟು ನೋಡಿದರು. ನಡುವೆ ಕಾಯಿಯ ಗುಂಡು ಇರಬೇಕಾದಲ್ಲಿ ಬರೀ ಕೇಸರದ ಮುದ್ದೆ.

"ಇದು ಗಂಡು, ಮಾರಾಯಾ" ಎಂದು ಕವಳ ಉಗಿಯಲು ಹೋದರು.

ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡೇ ಆಗುತ್ತವಂತೆ. ಹೂ ಬಿಡುವವರೆಗೆ ಗೊತ್ತೇ ಆಗುವುದಿಲ್ಲವಂತೆ. ಇಂಥ 'ಅಂತೆ'ಗಳನ್ನೆಲ್ಲ ಜನ 8 ವರ್ಷ ಕಳೆದ ಮೇಲೇ ಹೇಳುತ್ತಾರೆ.

ಕಡಿದುಬಿಡಿ ಅನ್ನುತ್ತಾರೆ. ಕಡಿಯಲಿ ನೋಡೋಣ! ಬೇಲಿಯಿಂದ ಹತ್ತು ಮಾರು ದೂರದಲ್ಲೇ ಭಾವನ ಹೆಣ್ಣು ಮರ. ಕೊಂಬೆ ಕೊಂಬೆಗೂ ಹಣ್ಣು. ಪರಾಗ ಎಲ್ಲಿಂದ ಹೋಯಿತು ಸ್ವಾಮಿ? ಸುತ್ತಮುತ್ತ ಬೇರೆ ಗಂಡು ಮರವನ್ನು ನಾನಂತೂ ಕಂಡಿಲ್ಲ. ಆ ಲೆಕ್ಕದಲ್ಲಿ ಅರ್ಧ ಫಸಲು ನನ್ನದೇ. ಆದರೆ ಹಿಮ್ಮಡಿ ಒಡೆದಾಗ ಹಚ್ಚಲು ಬೀಜದಿಂದ ತೆಗೆದ ಮುರುಗಲ ತುಪ್ಪಕ್ಕೆ ಅವರ ಮನೆ ಬಾಗಿಲಲ್ಲೇ ನಿಲ್ಲಬೇಕು. ಕೊಡುತ್ತಾರೆ, ಇಲ್ಲ ಅನ್ನಬಾರದು. ಚಮಚದಲ್ಲಿ ಅಳೆದು ಕೊಡುತ್ತಾರೆ.

ಈ ಮರ ನನಗೊಂದು ಪಾಠ ಕಲಿಸಿದೆ, ಅದನ್ನು ಬರೆಯೋಣವೆಂದೇ ಇವತ್ತು ಜಗಲಿಯಲ್ಲಿ ಕೂತದ್ದು. ಅಷ್ಟರಲ್ಲಿ ಮಳೆ ಬಂತು. ಭಾವನ ಅಂಗಳದ ತುಂಬ ಸಿಪ್ಪೆ ಒಣಹಾಕಿತ್ತು. ನಾಲ್ಕು ಹನಿ ಬಿದ್ದಾಗ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೇ ಆಯಿತು. ಆಮೇಲೆ ಓಡಿಹೋಗಿ ಚಾಪೆಯ ಇನ್ನೊಂದು ತುದಿ ಹಿಡಿದೆ. ಚೆಲ್ಲಿದ್ದನ್ನು ಇಬ್ಬರೂ ಬಾಚಿ ಬಾಚಿ ಒಳಗೆ ಹಾಕಿದೆವು. ಮೊಣಕೈವರೆಗೂ ಕೆಂಪು.

ಭಾವ ಕೂರಿಸಿ ಒಂದು ಲೋಟ ಶರಬತ್ತು ಕೊಟ್ಟರು. ಸಕ್ಕರೆ ಕಮ್ಮಿಯಾಗಿತ್ತು.