ಆ ಮಾತು ಸಂತ ಫ್ರಾನ್ಸಿಸರದ್ದಲ್ಲ

‘ಸದಾ ಸುವಾರ್ತೆ ಸಾರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿ.’ ಇಟಲಿಯ ಅಸ್ಸಿಸಿ ಊರಿನ ಕ್ರೈಸ್ತ ಸಂತ ಫ್ರಾನ್ಸಿಸ್ ಹೀಗೆ ಹೇಳಿದ್ದರು ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮಾತೇನೋ ಚೆನ್ನಾಗಿದೆ. ಆದರೆ ಅವರ ಬರಹಗಳಲ್ಲಿ ಅದು ಎಲ್ಲೂ ಇಲ್ಲ. ತಮ್ಮ ಸನ್ಯಾಸಿ ಸಂಘಕ್ಕೆ ಅವರು ಬರೆದ 1221ರ ನಿಯಮಾವಳಿಯಲ್ಲಿ ಅದಕ್ಕೆ ಹತ್ತಿರದ ಒಂದು ಸಾಲಿದೆ, ಅಷ್ಟೇ: ಸಂಘದ ಸಹೋದರರೆಲ್ಲ ತಮ್ಮ ನಡತೆಯಿಂದ ಸಾರಬೇಕು.

ಹಾಗಂತ ಅವರು ಸುಮ್ನೆ ಕೂತವರಲ್ಲ. ಊರೂರು ಸುತ್ತಿ ಬೋಧಿಸಿದರು. 1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್-ಕಾಮಿಲ್ ಎದುರೇ ಮಾತಾಡಿದವರು!

ನನಗೆ ಜಾಸ್ತಿ ಇಷ್ಟವಾಗುವುದು 1223ರ ನಿಯಮಾವಳಿಯ 9ನೇ ಅಧ್ಯಾಯ. ಬೋಧಕರ ಮಾತು ತೂಗಿ ಆಡಿದ್ದಾಗಿರಬೇಕು, ಶುದ್ಧವಾಗಿರಬೇಕು, ಜನರಿಗೆ ಉಪಯೋಗಕ್ಕೆ ಬರಬೇಕು ಎನ್ನುತ್ತದೆ ಅದು. ಚಿಕ್ಕದಾಗಿಯೂ ಇರಬೇಕಂತೆ, ಯಾಕೆಂದರೆ ಪ್ರಭು ಯೇಸು ಕೂಡ ಭೂಮಿಯ ಮೇಲೆ ಚುಟುಕಾಗಿಯೇ ಮಾತಾಡಿದರು. ಫಾರ್ವರ್ಡ್ ಮಾಡಲೇಬೇಕಿದ್ದರೆ ಇದನ್ನು ಮಾಡಬಹುದಲ್ವಾ?